ಎಳೆಯುವ ಚಕ್ರ ಎಷ್ಟು?

ಅಕ್ಕಂದಿರೇ, ಮನೆಗೆ ದೊಡ್ಡ ಕಾರು ತರುವ ಮಾತು ಬಂದಿದೆಯೇ? "ಫೋರ್ ವೀಲ್ ಡ್ರೈವ್ ಬೇಕು" ಅಂತಾನೆ ಮಗ. ಹಾಗಂದರೇನು? ತಿಳಿಯೋಣ ಬನ್ನಿ.

ಕಾರಿಗೆ ಚಕ್ರ ನಾಲ್ಕು. ಆದರೆ ಹೆಚ್ಚಿನ ಕಾರುಗಳಲ್ಲಿ ಇಂಜಿನ್ ಎರಡನ್ನು ಮಾತ್ರ ತಿರುಗಿಸುತ್ತದೆ. ಉಳಿದೆರಡು ಸುಮ್ಮನೆ ಉರುಳುತ್ತವೆ. ಬ್ರೆಝಾದಲ್ಲಿ ಮುಂದಿನ ಎರಡು ಎಳೆಯುತ್ತವೆ. ಬೊಲೆರೊದಲ್ಲಿ ಹಿಂದಿನ ಎರಡು. ನಾಲ್ಕೂ ಎಳೆದರೆ ಅದೇ ಫೋರ್ ವೀಲ್ ಡ್ರೈವ್. ಥಾರ್ ಎರಡೂ ಬಗೆಯಲ್ಲಿ ಸಿಗುತ್ತದೆ.

ಎರೆಹೊಲದ ಕೆಸರಿನಲ್ಲಿ ಎತ್ತಿನ ಗಾಡಿ ಹೂತರೆ ಏನು ಮಾಡ್ತೀವಿ? ಇನ್ನೊಂದು ಜೊತೆ ಎತ್ತು ಕಟ್ಟುತ್ತೇವೆ. ಇದೂ ಹಾಗೇ. ಕೆಸರಲ್ಲಿ, ಹಳ್ಳದ ಮರಳಲ್ಲಿ ಎರಡು ಚಕ್ರ ಜಾರಿದರೆ ಉಳಿದೆರಡು ಎಳೆಯುತ್ತವೆ.

ಒಂದು ಮಾತು ನೆನಪಿಡಿ. ಹೆಚ್ಚು ಎಳೆಯುವ ಕಾರು ಬೇಗ ನಿಲ್ಲುವುದಿಲ್ಲ. ಬ್ರೇಕು ಎಲ್ಲ ಕಾರಿಗೂ ನಾಲ್ಕು ಚಕ್ರಕ್ಕೇ ಇರುತ್ತದೆ. "ಫೋರ್ ವೀಲ್ ಇದೆ, ಭಯವಿಲ್ಲ" ಅಂತ ಮಳೆಯಲ್ಲಿ ಜೋರಾಗಿ ಓಡಿಸಬಾರದು. ತುಂಬಿದ ಹಳ್ಳಕ್ಕಂತೂ ಇಳಿಸಲೇಬಾರದು. ನೀರು ಕಾರನ್ನೇ ಎಳೆದೊಯ್ಯುತ್ತದೆ.

ನಾಲ್ಕೂ ಚಕ್ರ ಎಳೆಯುವ ಕಾರಿಗೆ ಬೆಲೆ ಜಾಸ್ತಿ. ಎಣ್ಣೆ ಖರ್ಚೂ ಜಾಸ್ತಿ. ದಿನಾ ಕೆಸರುದಾರಿ ತುಳಿಯುವವರಿಗೆ ಅದು ಬೇಕು. ಸಿದ್ದಾಪುರದಿಂದ ಮೊಳಕಾಲ್ಮೂರಿನ ಸಂತೆಗೆ, ಆಸ್ಪತ್ರೆಗೆ ಡಾಂಬರು ರಸ್ತೆಯಲ್ಲಿ ಹೋಗಲು ಎರಡು ಎಳೆದರೆ ಸಾಕು.

ಮೊದಲು ಮನೆಮಂದಿಯನ್ನು ಎಣಿಸೋಣ. ಬೊಲೆರೊದಲ್ಲಿ 7 ಜನ ಕೂರಬಹುದು. ಬ್ರೆಝಾದಲ್ಲಿ 5. ಮೂರು ಬಾಗಿಲಿನ ಥಾರ್‌ನಲ್ಲಿ ನಾಲ್ಕೇ ಜನ. ಹಿಂದೆ ಕೂರುವ ಮಕ್ಕಳಿಗೂ ಸೀಟ್ ಬೆಲ್ಟ್ ಇದೆಯೇ? ಕೈಯಿಂದ ಎಳೆದು ನೋಡೋಣ.

ಕೊನೆಗೆ ಸಾಲದ ಕಾಗದ. ಕಂತು ಎಷ್ಟು, ಬಡ್ಡಿ ಎಷ್ಟು, ಓದೋಣ. ಓದಿದ ಮೇಲೆಯೇ ಸಹಿ ಹಾಕೋಣ. ಈಗ ನಮಗೆ ಓದಲು ಬರುತ್ತದಲ್ಲ!