ಇಬ್ಬರೇ ಉಳಿದಾಗ: ಪ್ಯಾಕ್ ಆಗದ ಎದುರಾಳಿ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಯುಗಾದಿಯ ಮಾರನೆಯ ದಿನ, ವರ್ಷತೊಡಕಿಗೆ, ಬಾಡೂಟದ ಬೆನ್ನಿಗೇ ಇಸ್ಪೀಟು. ಅಂದರ್ ಬಾಹರ್‌ನಲ್ಲಿ ಬುದ್ಧಿಗೆ ಕೆಲಸವಿಲ್ಲ. ಎಲೆ ಒಳಗೆ ಬೀಳುತ್ತದೆ, ಇಲ್ಲವೇ ಹೊರಗೆ. ಮೂರೆಲೆಯಲ್ಲಿ ಅಷ್ಟಿಷ್ಟು ಕೆಲಸವುಂಟು. ಅಲ್ಲಿ ಕೂತವರಿಗೆ ಒಬ್ಬ ಆಸಾಮಿ ಗೊತ್ತಿರುತ್ತಾನೆ: ಎಲೆ ಎಂಥದ್ದೇ ಬರಲಿ ಪ್ಯಾಕ್ ಆಗುವುದಿಲ್ಲ (ಎಲೆ ಬಿಸಾಡಿ ಆಟ ಬಿಡುವುದಿಲ್ಲ), ತಾನಾಗಿ ಏರಿಸುವುದೂ ಇಲ್ಲ, ಸುಮ್ಮನೆ ಹಾಕುತ್ತ ಕೂರುತ್ತಾನೆ. ಪೋಕರ್ ಪಂದ್ಯಾವಳಿಯ ಕೊನೆಯಲ್ಲಿ ಇಂಥವನೇ ಎದುರಾದರೆ?

ಮೊದಲು ಕಾನೂನು. 1963ರ ಕರ್ನಾಟಕ ಪೊಲೀಸ್ ಕಾಯ್ದೆ ಜೂಜನ್ನು ತಡೆದರೂ ಅಪ್ಪಟ ಕೌಶಲದ ಆಟಕ್ಕೆ ವಿನಾಯಿತಿ ಕೊಡುತ್ತದೆ. ಆನ್‌ಲೈನಿನ ಹಣದ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ನಿಷೇಧಿಸಿದೆ. ಹುಣಸೆಬೀಜ ಇಟ್ಟುಕೊಂಡು ಆಡಿದರೂ ಮುಂದಿನ ಲೆಕ್ಕ ಬದಲಾಗದು.

ಹೋಲ್ಡೆಮ್ ಪೋಕರ್‌ನಲ್ಲಿ ಒಬ್ಬೊಬ್ಬರಿಗೆ ಎರಡು ಗುಟ್ಟಿನ ಎಲೆ. ನಡುವೆ ಮೊದಲು ಮೂರು, ಆಮೇಲೆ ಒಂದು, ಮತ್ತೊಂದು ತೆರೆದ ಎಲೆ. ಜೋಡಿಯಲ್ಲದ ಎಲೆ ಹಿಡಿದವನಿಗೆ ಮೊದಲ ಮೂರರಲ್ಲೇ ಜೋಡಿಯೋ ಅದಕ್ಕಿಂತ ಮೇಲಿನದೋ ಕೂಡುವುದು ಸುಮಾರು ಮೂರು ಸಲಕ್ಕೆ ಒಂದು ಸಲ. ಎದುರಾಳಿಯ ಕೈ ಬರಿದಾಗಿರುವುದೇ ಹೆಚ್ಚಾದ್ದರಿಂದ ಬ್ಲಫ್ ಹೊಡೆಯುವ ಆಸೆ ಹುಟ್ಟುತ್ತದೆ. ಈ ಆಸಾಮಿಯ ಮುಂದೆ ಆ ಆಸೆಯೇ ದುಬಾರಿ. ನಡುವೆ 200 ಬಿಲ್ಲೆ ಇದೆ, ನೀವು ಬರಿಗೈಯಲ್ಲಿ 100 ಹಾಕಿದಿರಿ ಎನ್ನಿ. ಅಸಲು ಗಿಟ್ಟಲು ಅವನು ಮೂರರಲ್ಲಿ ಒಂದು ಸಲ ಪ್ಯಾಕ್ ಆಗಬೇಕು. ಐದರಲ್ಲಿ ಒಂದೇ ಸಲ ಆಗುವವನಾದರೆ ಪ್ರತಿ ಬ್ಲಫ್‌ಗೆ ಸರಾಸರಿ 40 ಬಿಲ್ಲೆ ನಷ್ಟ.

ಅದೇ ಲೆಕ್ಕವನ್ನು ತಿರುಗಿಸಿ. ನಿಮ್ಮದು ಎಕ್ಕ, ಎಂಟು. ನಡುವೆ ಎಕ್ಕ, ಒಂಬತ್ತು, ನಾಲ್ಕು. ಒಂಬತ್ತು ಜನರ ಮೇಜಿನಲ್ಲಿ ಈ ಎಂಟು ನಿಮ್ಮನ್ನು ಕಾಡುತ್ತದೆ. ಇಬ್ಬರಾಟದಲ್ಲಿ ಇದು ಭರ್ಜರಿ ಕೈ. ಆದರೂ ಬಹಳ ಜನ ಇಲ್ಲಿ ಬಲೆ ಹಾಸಿ ಸುಮ್ಮನಾಗುತ್ತಾರೆ. ತಾನಾಗಿ ಹಣ ಹಾಕದವನಿಗೆ ಬಲೆ ಯಾಕೆ? ಅವನಿಗೆ ನಡುವಿನ ಎಲೆಗಳೂ ಸೇರಿ ನಾಲ್ಕು ಆಟೀನು ಕೂಡಿದ್ದರೆ, ನಿಮ್ಮ ಕೈಯನ್ನು ಮೀರಿಸುವ ಐದನೆಯದು ಮುಂದಿನ ಎಲೆಯಲ್ಲೇ ಬರುವ ಸಂಭವ ಸುಮಾರು ಶೇಕಡಾ 19, ಅದನ್ನು ಪುಕ್ಕಟೆ ತೋರಿಸಿದಂತಾಯಿತು. ಮೂರು ಸುತ್ತೂ ಹಾಕಿ. ಒಂಬತ್ತರ ಜೋಡಿ ಹಿಡಿದವನು, ಎಕ್ಕದ ಜೊತೆ ಮೂರು ಇಟ್ಟುಕೊಂಡವನು, ಇಬ್ಬರೂ ಕೊನೆಯವರೆಗೆ ಬರುತ್ತಾರೆ. ಕೊನೆಯ 100ಕ್ಕೆ ಅವನು ಬಂದ ನೂರು ಸಲದಲ್ಲಿ ಅರವತ್ತು ಸಲ ನೀವು ಗೆದ್ದರೆ ಸಲಕ್ಕೆ 20 ಬಿಲ್ಲೆ ಲಾಭ.

2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಇಬ್ಬರ ಲಿಮಿಟ್ ಹೋಲ್ಡೆಮ್ (ಪಣದ ಮೊತ್ತ ಮೊದಲೇ ನಿಗದಿಯಾದ ಆಟ) ಅನ್ನು ಹೆಚ್ಚುಕಡಿಮೆ ಬಿಡಿಸಿಯೇಬಿಟ್ಟರು. ಸೀಫಿಯಸ್ ಎಂಬ ಅವರ ಕಂಪ್ಯೂಟರ್ ಪ್ರೋಗ್ರಾಮನ್ನು ದೀರ್ಘಕಾಲದಲ್ಲಿ ಸೋಲಿಸಲಾಗದು. ಆದರೆ ಎದುರಾಳಿಯ ಸ್ವಭಾವ ನೋಡಿ ಆಟ ಬದಲಿಸುವುದು ಅದರ ಕೆಲಸವಲ್ಲ. ಪ್ಯಾಕ್ ಆಗದವನಿಗೂ ಅದು ಅಷ್ಟೇ ಬ್ಲಫ್ ಹೊಡೆಯುತ್ತದೆ. ಇಲ್ಲಿ ಮನುಷ್ಯನೇ ವಾಸಿ.

ಇನ್ನೊಂದು ಬಗೆಯ ಸಪ್ಪೆ ಆಟಗಾರನೂ ಇದ್ದಾನೆ, ಎಲೆ ನೋಡಿದ ಕೂಡಲೇ ಪ್ಯಾಕ್ ಆಗುವವನು. ಹಂಚುವ ಸರದಿ ನಿಮ್ಮದಿದ್ದಾಗ ಕಡ್ಡಾಯದ 100 ನಿಮ್ಮದು, 200 ಅವನದು. ನೀವು ಇನ್ನೂ 300 ಸೇರಿಸಿ 400ಕ್ಕೆ ಏರಿಸಿದರೆ ಗಿಟ್ಟುವುದೂ 300. ಅರ್ಧಕ್ಕಿಂತ ಹೆಚ್ಚು ಸಲ ಅವನು ಪ್ಯಾಕ್ ಆದರೆ ಎಂಥ ಎಲೆಯಲ್ಲೂ ಏರಿಸಬಹುದು.

ಪ್ಯಾಕ್ ಆಗದ ಆ ಮೊದಲಿನವನು ಒಂದು ದಿನ ಇದ್ದಕ್ಕಿದ್ದಂತೆ ಕೊನೆಯ ಸುತ್ತಿನಲ್ಲಿ ದುಪ್ಪಟ್ಟು ಏರಿಸುತ್ತಾನೆ. ಆಗ ಎಕ್ಕದ ಜೋಡಿಯನ್ನೂ ಬಿಸಾಡಿ. ಅವನ ಕೈಯಲ್ಲಿ ಎರಡು ಜೋಡಿಗಿಂತ ಕಡಿಮೆ ಇರುವುದು ಅಪರೂಪ.