ಒಂದೇ ಇಂಗ್ಲಿಷ್, ಎರಡು ಅರ್ಥ

ಬಸವಕಲ್ಯಾಣದ ವರ್ತಕರನ್ನು ಹೊರದೇಶದ ಗ್ರಾಹಕರು ದೂರವಾಣಿಯಲ್ಲಿ ವಿಚಾರಿಸಿದರೆ, ಗುಮಾಸ್ತರು ‘ಔಟ್ ಆಫ್ ಸ್ಟೇಷನ್’ ಎಂದು ಉತ್ತರಿಸುವುದು ವಾಡಿಕೆ. ಆ ಊರಿಗೆ ರೈಲು ನಿಲ್ದಾಣವೇ ಇಲ್ಲ! ಬೀದರ್-ಕಲಬುರಗಿ ಮಾರ್ಗವು 2017ರಲ್ಲಿ ಪೂರ್ಣಗೊಂಡಿರುವುದರಿಂದ ಹುಮನಾಬಾದಿನವರಿಗೆ ಹಾಗೆನ್ನುವ ಹಕ್ಕು ತುಸು ಹೆಚ್ಚೆನ್ನಬಹುದು. ವಾಸ್ತವವಾಗಿ ಆ ‘ಸ್ಟೇಷನ್’ ಬ್ರಿಟಿಷ್ ಅಧಿಕಾರಿಗಳು ನೆಲೆಸಿದ್ದ ಠಾಣ್ಯ. ಅಮೆರಿಕದವರಿಗೆ ಈ ಪ್ರಯೋಗ ಅಪರಿಚಿತ.

‘ರಿವರ್ಟ್’ ಎಂಬುದು ಇನ್ನೂ ತೊಡಕಿನದು. ನಮಗದು ‘ಉತ್ತರಿಸಿರಿ’, ಅವರಿಗೆ ‘ಹಿಂದಿನ ಸ್ಥಿತಿಗೆ ಮರಳುವುದು’. ಹೊಸ ದರ ತಿಳಿಸಿ ‘ಪ್ಲೀಸ್ ರಿವರ್ಟ್’ ಎಂದು ಬರೆದರೆ, ಹಳೆಯ ದರಕ್ಕೇ ಮರಳೋಣವೆಂದು ಅವರು ಭಾವಿಸಿದಲ್ಲಿ ದೂಷಿಸುವಂತಿಲ್ಲ. ‘ವಿ ವಿಲ್ ಸೀ’ ಎಂಬುದೂ ಹಾಗೆಯೇ. ‘ನೋಡೋಣ’ ಎಂದರೆ ಬಹುತೇಕ ‘ಇಲ್ಲ’ ಎಂದು ನಮ್ಮಲ್ಲಿ ಮಕ್ಕಳಿಗೂ ತಿಳಿದಿದೆ. ಹೊರದೇಶದ ಗ್ರಾಹಕನು ಮಾತ್ರ ಮುಂದಿನ ವಾರ ಮತ್ತೆ ಕರೆ ಮಾಡುತ್ತಾನೆ.

ಇಷ್ಟರವರೆಗೆ ನಗಬಹುದು. 05/06 ಎಂದು ಬರೆದಾಗ ನಮಗೆ ಜೂನ್ 5, ಅಮೆರಿಕನ್ನರಿಗೆ ಮೇ 6. ಸಾಗಣೆಯ ಗಡುವು ಒಂದು ತಿಂಗಳು ಹಿಂದೆ ಸರಿದರೆ ಸರಕು ಹಡಗೇರುವ ಮೊದಲೇ ಒಪ್ಪಂದವು ಮುರಿದಂತೆ. ಆದಕಾರಣ ತಿಂಗಳನ್ನು ಅಕ್ಷರಗಳಲ್ಲಿಯೇ ಬರೆಯಿಸಿರಿ. ತೂಕದ ವಿಷಯದಲ್ಲಿಯೂ ಬರಿಯ ‘ಟನ್’ ಸಾಲದು, ‘ಮೆಟ್ರಿಕ್ ಟನ್’ ಎಂದಿರಲಿ. ನಮ್ಮ ಟನ್ 1000 ಕಿಲೋ. ಅಮೆರಿಕದ್ದು ಸುಮಾರು 907, ಬ್ರಿಟನ್ನಿನ ಹಳೆಯದು 1016. ನೂರು ಟನ್ ತೊಗರಿಬೇಳೆಯ ದರವನ್ನು ಗ್ರಾಹಕನು ಅಮೆರಿಕದ ಟನ್ನಿನ ಲೆಕ್ಕದಲ್ಲಿ ಒಪ್ಪಿ, ನಾವು ನಮ್ಮ ಲೆಕ್ಕದಲ್ಲಿ ತುಂಬಿಸಿದರೆ, ಸುಮಾರು 93 ಕ್ವಿಂಟಾಲ್ ಬೇಳೆ ಪುಕ್ಕಟೆಯಾಗಿ ಸಮುದ್ರ ದಾಟುತ್ತದೆ.