ಮೆದು ಸೀಸ, ಹಗುರ ಮದ್ದು

ವಾಡ್‌ಕಟರ್ ಎಂಬುದು ಮೂತಿಯಿಲ್ಲದ ಗುಂಡು. ಮಾಮೂಲಿ ಗುಂಡಿನ ತುದಿ ಚೂಪಾಗಿಯೋ ದುಂಡಗೋ ಇದ್ದರೆ, ಇದರ ತುದಿ ಮುರಿದ ಸೀಮೆಸುಣ್ಣದ ಹಾಗೆ ಚಪ್ಪಟೆ. ಬರೀ ಸೀಸದ್ದು, ಮೇಲೆ ತಾಮ್ರದ ಹೊದಿಕೆಯಿಲ್ಲ. ತೋಟಾದ ಹಿತ್ತಾಳೆ ಕೊಳವೆಯಲ್ಲಿ ಬಾಯಂಚಿನವರೆಗೂ ಮುಳುಗಿ ಕೂತಿರುವುದರಿಂದ ಮೊದಲ ಸಲ ಕಂಡವರಿಗೆ ಗುಂಡೇ ಇಲ್ಲದ ಖಾಲಿ ತೋಟಾ ಎನಿಸುವುದೂ ಉಂಟು. ಬೇಟೆಗಾಗಲಿ ಕಾವಲಿಗಾಗಲಿ ಹುಟ್ಟಿದ್ದಲ್ಲ ಇದು. ಕಾಗದಕ್ಕೆ ತೂತು ಹಾಕಲೆಂದೇ ಹುಟ್ಟಿದ್ದು. ದುಂಡು ಮೂತಿಯ ಗುಂಡು ಕಾಗದವನ್ನು ಹರಿದುಕೊಂಡು ಹೋಗುತ್ತದೆ, ತೂತಿನ ಅಂಚು ಎಳೆಎಳೆಯಾಗಿ ಉಳಿಯುತ್ತದೆ. ಚಪ್ಪಟೆ ಗುಂಡು ಕಚೇರಿಯ ಪಂಚಿಂಗ್ ಯಂತ್ರದಂತೆ ದುಂಡನೆಯ ಬಿಲ್ಲೆಯನ್ನೇ ಕತ್ತರಿಸಿ ತೆಗೆಯುತ್ತದೆ. ಗೆರೆ ಮುಟ್ಟಿತೋ ಇಲ್ಲವೋ ಎಂಬ ತಕರಾರು ಅಷ್ಟರ ಮಟ್ಟಿಗೆ ಕಮ್ಮಿ.

ಈ ಗುಂಡಿಗೆ ಇಂದು ಮುಖ್ಯ ಅಂಗಳ 25 ಮೀಟರ್ ಸೆಂಟರ್‌ಫೈರ್ ಪಿಸ್ತೂಲ್ ಸ್ಪರ್ಧೆ. ಒಲಿಂಪಿಕ್ಸ್‌ನಲ್ಲಿ ಇದಿಲ್ಲ, ಆದರೆ ಭಾರತದ ರಾಷ್ಟ್ರೀಯ ಸ್ಪರ್ಧೆಗಳಲ್ಲಿ ಹಳೆಯ ಗೌರವ ಉಳಿದಿದೆ. 2006ರ ದೋಹಾ ಏಷ್ಯನ್ ಕ್ರೀಡಾಕೂಟದಲ್ಲಿ ಜಸ್ಪಾಲ್ ರಾಣಾ 590 ಅಂಕ ಗಳಿಸಿ ವಿಶ್ವದಾಖಲೆಯನ್ನು ಸರಿಗಟ್ಟಿದ್ದು ಇದರಲ್ಲೇ. ಒಟ್ಟು 60 ಗುಂಡು, 600 ಅಂಕ. ಮೊದಲ 30 ಗುಂಡು ನಿಧಾನದ ಹಂತ: ಐದು ನಿಮಿಷಕ್ಕೆ ಐದು. ಆಗ ಹತ್ತರ ವೃತ್ತದ ಅಡ್ಡಳತೆ ಬರೀ 50 ಮಿಲಿಮೀಟರ್. ಮುಂದಿನ 30 ಗುಂಡಿಗೆ ಗುರಿಫಲಕ ಮೂರು ಸೆಕೆಂಡ್ ಮುಖ ತೋರಿಸಿ ಏಳು ಸೆಕೆಂಡ್ ಮರೆಯಾಗುತ್ತದೆ. ಒಂದು ದರ್ಶನಕ್ಕೆ ಒಂದೇ ಗುಂಡು. ಎಲ್ಲವೂ ಒಂಟಿ ಕೈಯಲ್ಲಿ. ಗುಂಡು ಸೀಸದ್ದೋ ಅಂಥದೇ ಮೆದು ವಸ್ತುವಿನದೋ ಆಗಿರಬೇಕು, ಲೋಹದ ಹೊದಿಕೆ ಕೂಡದು ಎಂದು ನಿಯಮವೇ ಹೇಳುತ್ತದೆ.

ನಿಯಮದ ಪ್ರಕಾರ 7.62ರಿಂದ 9.65 ಮಿಲಿಮೀಟರ್ ವರೆಗಿನ ಯಾವ ಅಳತೆಯ ಆಯುಧವೂ ನಡೆಯುತ್ತದೆ. ದಪ್ಪ ಗುಂಡಾದರೆ ದೊಡ್ಡ ತೂತು, ಗೆರೆ ಮುಟ್ಟುವ ಸಂಭವ ಹೆಚ್ಚು ಎಂಬ ಲೆಕ್ಕಾಚಾರ ಯಾರಿಗಾದರೂ ಹೊಳೆಯುತ್ತದೆ. ಆದರೆ ಅನುಮಾನದ ತೂತನ್ನು ಅಳೆಯುವ ಗೇಜು ಎಲ್ಲರಿಗೂ ಒಂದೇ, 9.65 ಮಿಲಿಮೀಟರಿನದು. ಸಣ್ಣ ಗುಂಡಿನವರಿಗೆ ನಷ್ಟವಿಲ್ಲ ಎಂದ ಮೇಲೆ ಒದೆತ ಕಡಿಮೆ ಇರುವುದನ್ನೇ ಆರಿಸುವುದು ಜಾಣತನ. ಹಾಗೆ ಗೆದ್ದು ನಿಂತದ್ದು 1896ರಷ್ಟು ಹಳೆಯ .32 ಸ್ಮಿತ್ ಅಂಡ್ ವೆಸನ್ ಲಾಂಗ್. ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್ ಕೂಡ ಇದೇ ತೋಟಾದ್ದು. ಆತ್ಮರಕ್ಷಣೆಗೆಂದು ಅದನ್ನು ಕಪಾಟಿನಲ್ಲಿಟ್ಟವರಲ್ಲಿ ಬಹುಪಾಲು ಜನಕ್ಕೆ ತಮ್ಮ ತೋಟಾ ಜಗತ್ತಿನ ಅತಿ ಸೌಮ್ಯ ಗುರಿತೋಟಾಗಳಲ್ಲಿ ಒಂದು ಎಂಬುದು ತಿಳಿದಿರಲಾರದು.

ಸೌಮ್ಯ ಎಂದರೆ ಎಷ್ಟು? .32 ವಾಡ್‌ಕಟರ್‌ನ ತೂಕ ಆರೂವರೆ ಗ್ರಾಮಿನ ಆಸುಪಾಸು, ವೇಗ ಸೆಕೆಂಡಿಗೆ ಸುಮಾರು 230 ಮೀಟರ್. .38 ಸ್ಪೆಷಲ್‌ನ ವಾಡ್‌ಕಟರ್ 9.6 ಗ್ರಾಮಿನದು, ವೇಗ ತುಸು ಕಮ್ಮಿಯಾದರೂ ತೂಕದಿಂದಾಗಿ ಕೈಗೆ ಬೀಳುವ ಒದೆತ ಮೂರನೇ ಒಂದರಷ್ಟು ಹೆಚ್ಚು. ಪೂರ್ಣ ಬಲದ .357 ಮ್ಯಾಗ್ನಮ್‌ನ ಒದೆತವಂತೂ .32ರ ಎರಡೂವರೆ ಪಟ್ಟು. ಶಬ್ದದ ವೇಗಕ್ಕಿಂತ .32ರ ಗುಂಡು ಬಹಳ ಹಿಂದಿರುವುದರಿಂದ ಗಾಳಿ ಸೀಳುವ ಚಟೀರೆಂಬ ಸದ್ದೂ ಇಲ್ಲ. ಇಷ್ಟು ನಿಧಾನವಾದರೆ ಗುಂಡು ಕೆಳಗೆ ಬೀಳುವುದಿಲ್ಲವೇ? ಬೀಳುತ್ತದೆ, 25 ಮೀಟರ್ ದಾಟಲು ಸೆಕೆಂಡಿನ ಹತ್ತನೇ ಒಂದಂಶ ಹಿಡಿಯುತ್ತದೆ, ಅಷ್ಟರಲ್ಲಿ ಸುಮಾರು ಆರು ಸೆಂಟಿಮೀಟರ್ ಇಳಿಯುತ್ತದೆ. ಪ್ರತಿ ಗುಂಡೂ ಅಷ್ಟೇ ಇಳಿಯುವುದಾದರೆ ಗುರಿಕಂಡಿಯನ್ನು ಒಮ್ಮೆ ಸರಿಪಡಿಸಿಕೊಂಡರೆ ಮುಗಿಯಿತು. ಶೂಟರ್‌ಗೆ ಬೇಕಾದದ್ದು ಬಲವಲ್ಲ, ಒಂದರಂತೆ ಮತ್ತೊಂದು ಇರುವುದು.

ಹಗುರ ಮದ್ದಿಗೆ ಎಂಥ ಸೀಸ ಒಪ್ಪುತ್ತದೆ ಎಂಬಲ್ಲಿ ಹೊಸಬರು ಎಡವುತ್ತಾರೆ. ಗುಂಡು ಗಟ್ಟಿಯಾದಷ್ಟೂ ನಳಿಗೆಗೆ ಸೀಸ ಮೆತ್ತುವುದು ಕಡಿಮೆ ಎಂಬುದು ಜನಜನಿತ ನಂಬಿಕೆ. ವೇಗದ ತೋಟಾಗಳಲ್ಲಿ ಅದು ನಿಜವೂ ಹೌದು. ಹಗುರ ಮದ್ದಿನಲ್ಲಿ ಮಾತು ತಿರುವುಮುರುವು. ಮದ್ದು ಉರಿದಾಗಿನ ಒತ್ತಡಕ್ಕೆ ಮೆದು ಗುಂಡಿನ ಬುಡ ತುಸು ಅರಳಿ ನಳಿಗೆಯನ್ನು ಬಿಗಿಯಾಗಿ ಮುಚ್ಚಿಕೊಳ್ಳಬೇಕು. ಗುಂಡು ಅತಿ ಗಟ್ಟಿಯಾಗಿದ್ದು ಒತ್ತಡ ಕಡಿಮೆಯಾದರೆ ಬುಡ ಅರಳುವುದಿಲ್ಲ. ಬಿಸಿ ಅನಿಲ ಪಕ್ಕದಿಂದ ನುಗ್ಗಿ ಗುಂಡಿನ ಮೈಯನ್ನೇ ಕರಗಿಸಿ ನಳಿಗೆಗೆ ಬಳಿಯುತ್ತದೆ. ಅದಕ್ಕೇ ಕಾರ್ಖಾನೆಯ ವಾಡ್‌ಕಟರ್‌ಗಳು ಬಹುಪಾಲು ಮೆದು ಸೀಸದವು, ಎಷ್ಟೋ ಬಾರಿ ಅವುಗಳ ಬುಡದಲ್ಲಿ ಬಟ್ಟಲಿನಂಥ ಟೊಳ್ಳೂ ಇರುತ್ತದೆ. ಮೈಮೇಲಿನ ಗೀರುಗಳಲ್ಲಿ ಮೇಣದಂಥ ಜಿಡ್ಡು.

ಸೀಸ 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಆಂಟಿಮನಿ ಸೇರಿಸಿದರೆ ಗಟ್ಟಿಯಾಗುತ್ತದೆ, ತವರ ಸೇರಿಸಿದರೆ ಅಚ್ಚಿನ ಮೂಲೆಮೂಲೆಗೂ ಹರಿದು ತುಂಬಿಕೊಳ್ಳುತ್ತದೆ. ಇದೇ ಮೂರು ಲೋಹಗಳ ಬೆರಕೆಯಿಂದಲೇ ಕನ್ನಡದ ಅಚ್ಚುಮೊಳೆಗಳೂ ಎರಕಗೊಂಡದ್ದು. ಲೈನೊಟೈಪ್ ಯಂತ್ರದ ಬೆರಕೆಯಲ್ಲಿ ಸೀಸ 84 ಭಾಗ, ಆಂಟಿಮನಿ 12, ತವರ 4. ಅಮೆರಿಕದಲ್ಲಿ ಮುದ್ರಣಾಲಯಗಳು ಆಫ್‌ಸೆಟ್‌ಗೆ ಹೊರಳಿದಾಗ ಮೂಲೆಗೆ ಬಿದ್ದ ಆ ಲೋಹವನ್ನು ಹವ್ಯಾಸಿಗಳು ಕೊಂಡು ಗುಂಡು ಎರೆದರು. ಆದರೆ ಹಗುರ ಮದ್ದಿಗೆ ಆ ಬೆರಕೆ ಗಟ್ಟಿಯಾಯಿತು, ಅದಕ್ಕೆ ಇನ್ನಷ್ಟು ಸೀಸ ಸುರಿಯಬೇಕಾಯಿತು. ಅಕ್ಷರಕ್ಕೆ ಬೇಕಾದ ಗಟ್ಟಿತನ ಗುರಿಗುಂಡಿಗೆ ಬೇಡ.

ರಿವಾಲ್ವರ್‌ಗೆ ತನ್ನದೇ ಒಂದು ತೊಡಕಿದೆ. ಗುಂಡು ಸಿಲಿಂಡರ್‌ನ ಕೋಣೆಯಿಂದ ಹೊರಟು, ಕೂದಲೆಳೆಯಷ್ಟು ಸಂದನ್ನು ಹಾರಿ, ನಳಿಗೆಯನ್ನು ಹೊಗಬೇಕು. ಕೋಣೆಯ ಬಾಯಿ ಗುಂಡಿಗಿಂತ ಸಡಿಲವಾಗಿದ್ದರೆ ಅನಿಲ ಅಲ್ಲೇ ಸೋರುತ್ತದೆ; ನಳಿಗೆಗಿಂತ ಕಿರಿದಾಗಿದ್ದರೆ ಗುಂಡು ಅಲ್ಲೇ ಸವೆದು ಸಣ್ಣದಾಗುತ್ತದೆ. ಆರು ಕೋಣೆಗಳ ಅಳತೆಯೂ ಒಂದೇ ಇರಬೇಕೆಂಬುದು ಬೇರೆ. ಆದರೆ ರಿವಾಲ್ವರ್‌ನ ದೊಡ್ಡ ಗುಣವೆಂದರೆ ಸಹನೆ: ಸಿಲಿಂಡರ್ ತಿರುಗುವುದು ಬೆರಳಿನ ಬಲದಿಂದಾದ್ದರಿಂದ ಮದ್ದು ಎಷ್ಟು ಹಗುರವಾದರೂ ಅದಕ್ಕೆ ದೂರಿಲ್ಲ. ಇಂದಿನ ಸ್ಪರ್ಧೆಗಳಲ್ಲಿ ಹೆಚ್ಚಾಗಿ ಕಾಣುವ ಪಾರ್ದಿನಿ, ವಾಲ್ಟರ್‌ನಂಥ ಪಿಸ್ತೂಲುಗಳು ಹಾಗಲ್ಲ. ಖಾಲಿ ತೋಟಾವನ್ನು ಎಸೆದು ಹೊಸದನ್ನು ಎಳೆದುಕೊಳ್ಳಲು ಅವುಗಳಿಗೆ ಒದೆತದ ಪಾಲು ಬೇಕೇ ಬೇಕು.

ಹಗುರವೆಂಬುದಕ್ಕೂ ಒಂದು ತಳವಿದೆ. ಮದ್ದು ತೀರ ಕಡಿಮೆಯಾದರೆ ಗುಂಡು ನಳಿಗೆಯ ನಡುವೆಯೇ ಸಿಕ್ಕಿಕೊಳ್ಳಬಹುದು. ಅದನ್ನು ಗಮನಿಸದೆ ಮತ್ತೊಂದನ್ನು ಹಾರಿಸಿದರೆ ನಳಿಗೆ ಉಬ್ಬುತ್ತದೆ, ಸಿಡಿಯಲೂಬಹುದು. ಸದ್ದು ಮಂಕಾಗಿ ಕೇಳಿದರೆ ಆಯುಧ ಕೆಳಗಿಟ್ಟು ಕೈ ಎತ್ತಬೇಕೆಂಬುದು ರೇಂಜಿನ ಮೊದಲ ಪಾಠಗಳಲ್ಲೊಂದು. ಇನ್ನೊಂದು ಸೂಕ್ಷ್ಮ, ಕೊಳವೆಯೊಳಗಿನ ಖಾಲಿ ಜಾಗದ್ದು. .38 ಸ್ಪೆಷಲ್ ಹುಟ್ಟಿದ್ದು ಕಪ್ಪು ಮದ್ದಿನ ಕಾಲದಲ್ಲಿ, ಅದರ ಕೊಳವೆ ಉದ್ದ. ಇಂದಿನ ಚಿಟಿಕೆ ಮದ್ದು ಅದರೊಳಗೆ ಒಮ್ಮೆ ಹಿಂದೆ, ಒಮ್ಮೆ ಮುಂದೆ ಸರಿದು ವೇಗ ಏರುಪೇರಾಗುತ್ತದೆ. .32ರ ಪುಟ್ಟ ಕೊಳವೆಯಲ್ಲಿ ಆ ಓಡಾಟಕ್ಕೆ ಜಾಗವೇ ಕಮ್ಮಿ.

ಪಶ್ಚಿಮದ ಶೂಟರ್‌ಗಳು ಮದ್ದು ತೂಗಿ ತಮ್ಮ ತೋಟಾವನ್ನು ತಾವೇ ಕಟ್ಟಿಕೊಳ್ಳುತ್ತಾರೆ. ಇಲ್ಲಿ ಆ ದಾರಿ ಮುಚ್ಚಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ, ಶಿಕ್ಷೆಯೂ ಕಠಿಣ. ಆದ್ದರಿಂದ ಇಲ್ಲಿಯ ಶೂಟರ್‌ನ ಜಾಣ್ಮೆಯೆಲ್ಲ ಕಟ್ಟುವುದರಲ್ಲಲ್ಲ, ಆರಿಸುವುದರಲ್ಲಿ. ಫಿನ್ಲೆಂಡಿನ ಲಪುವಾ, ಇಟಲಿಯ ಫಿಯೋಕಿ ಕಂಪನಿಗಳ ವಾಡ್‌ಕಟರ್‌ಗಳು ಹೆಸರಾದವು. ಹೆಸರಿಗಿಂತ ಮುಖ್ಯವಾದದ್ದು ಪೆಟ್ಟಿಗೆಯ ಮೇಲಿನ ಲಾಟ್ ಸಂಖ್ಯೆ. ಒಂದೇ ಕಂಪನಿಯ ಎರಡು ಲಾಟುಗಳು ಒಂದೇ ಪಿಸ್ತೂಲಿನಲ್ಲಿ ಬೇರೆಬೇರೆಯಾಗಿ ನಡೆದುಕೊಳ್ಳಬಲ್ಲವು. ಪಿಸ್ತೂಲನ್ನು ದಿಂಬಿನ ಮೇಲೆ ಊರಿಟ್ಟು ಅಥವಾ ಕಬ್ಬಿಣದ ಹಿಡಿಕೆಗೆ ಬಿಗಿದು, ಪ್ರತಿ ಲಾಟಿನ ಹತ್ತು ಗುಂಡು ಹಾರಿಸಿ, ತೂತುಗಳ ಗುಂಪು ಎಲ್ಲಿ ಒತ್ತಾಗಿದೆಯೆಂದು ನೋಡುತ್ತಾರೆ. ಸೈ ಎನಿಸಿದ ಲಾಟನ್ನು ವರ್ಷಕ್ಕಾಗುವಷ್ಟು ಕೊಳ್ಳುವುದು ಸರಿಯಾದ ಕ್ರಮ. ಪರವಾನಗಿಯಲ್ಲಿ ಬರೆದ ಮಿತಿಯೊಳಗೆ ಮಾತ್ರ. ಬೆಂಗಳೂರಿನಲ್ಲಿ ಆ ಪರವಾನಗಿ ಕೊಡುವವರು ಪೊಲೀಸ್ ಕಮಿಷನರ್.

ಜಾಗದ ಮಾತು ಬಂದರೆ ದಕ್ಷಿಣ ಬೆಂಗಳೂರಿನ ಸೈಟಿನ ಲೆಕ್ಕವೇ ಎಲ್ಲವನ್ನೂ ಹೇಳುತ್ತದೆ. 25 ಮೀಟರ್ ಎಂದರೆ 82 ಅಡಿ: ಬನಶಂಕರಿಯ ಎರಡು ‘ಥರ್ಟಿ ಫಾರ್ಟಿ’ (30×40 ಅಡಿ) ಸೈಟುಗಳನ್ನು ಒಂದರ ಬೆನ್ನಿಗೊಂದು ಇಟ್ಟರೂ ಎರಡಡಿ ಸಾಲದು. ಅದರ ಮೇಲೆ ಗುಂಡು ತಡೆಯುವ ದಿಬ್ಬ, ಗೋಡೆ, ಅನುಮತಿ. ಜಯನಗರದ ಓಣಿಯಲ್ಲಿ ಅದು ಆಗದ ಮಾತು. 10 ಮೀಟರ್ ಮಾತ್ರ 33 ಅಡಿ, ಒಂದೇ ಸೈಟಿನ ಉದ್ದದಲ್ಲಿ ಮುಗಿಯುತ್ತದೆ; ಮಹಡಿಯ ಹಜಾರ ಸಾಕು. ಬಡಾವಣೆಯ ಹುಡುಗರು ಏರ್ ಪಿಸ್ತೂಲಿನಿಂದ ಶುರುಮಾಡುವುದು ಹೀಗಾಗಿಯೇ. ಬೆಂಗಳೂರಿನವರೇ ಆದ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದದ್ದು 10 ಮೀಟರ್ ಏರ್ ಪಿಸ್ತೂಲಿನಲ್ಲಿ. ಅದರ ಅರ್ಧ ಗ್ರಾಮಿನ ಸೀಸದ ಕಾಳು ವಾಡ್‌ಕಟರ್‌ನ ಮರಿಯೆನ್ನಬಹುದು: ಅದೇ ಚಪ್ಪಟೆ ಮೂತಿ, ಅದೇ ಮೆದು ಲೋಹ, ಬುಡದಲ್ಲಿ ಅದೇ ಟೊಳ್ಳು, ಕೊಳ್ಳುವಾಗ ಅದೇ ಲಾಟ್ ಪರೀಕ್ಷೆ. ಮದ್ದಿನ ಬದಲು ಗಾಳಿ, ಅಷ್ಟೆ.

ಸೀಸ ಮೆದುವಾದರೂ ಸಾಧು ಲೋಹವಲ್ಲ. ಗುಂಡು ಹಾರಿದಾಗ ಅದರ ಸೂಕ್ಷ್ಮ ಧೂಳು ಗಾಳಿಗೆ ಬರುತ್ತದೆ, ಬೆರಳಿಗೂ ಅಂಟುತ್ತದೆ. ಮಕ್ಕಳ ಮಿದುಳಿಗೆ ಅದು ಅಲ್ಪ ಪ್ರಮಾಣದಲ್ಲೂ ಕೇಡು. ಸೀಸದ ವಿಷದ ಬಗ್ಗೆ ದೇಶಕ್ಕೆ ತಿಳಿವಳಿಕೆ ಕೊಟ್ಟ ರಾಷ್ಟ್ರೀಯ ರೆಫರಲ್ ಕೇಂದ್ರ ಬೆಳೆದದ್ದು ಬಿಟಿಎಂ ಬಡಾವಣೆಗೆ ಹತ್ತಿರದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲೇ, ಡಾ. ತುಪ್ಪಿಲ್ ವೆಂಕಟೇಶ್ ಅವರ ದುಡಿಮೆಯಿಂದ. ರೇಂಜಿನೊಳಗೆ ತಿಂಡಿ ಕಾಫಿ ಬೇಡ. ಹೊರಡುವ ಮುನ್ನ ಸೋಪು ಹಚ್ಚಿ ಕೈ, ಮುಖ ತೊಳೆಯಿರಿ, ಆ ಬಟ್ಟೆಯಲ್ಲೇ ಮನೆಯ ಮಗುವನ್ನು ಎತ್ತಿಕೊಳ್ಳಬೇಡಿ.